ಎಲುಬು ಕೂಡುತ್ತದೆ, ಮೃದ್ವಸ್ಥಿ ಯಾಕೆ ಕೂಡುವುದಿಲ್ಲ? ಒಂಬತ್ತನೆಯ ತರಗತಿಯ ಒಂದು ಪಾಠದ ಅಧ್ಯಯನ

ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಘಟಕದಲ್ಲಿ ಸಂಯೋಜಕ ಅಂಗಾಂಶಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಕೊಡುವುದು ಒಂದು ಅವಧಿ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ರಕ್ತ, ಮೂಳೆ, ಅಸ್ಥಿರಜ್ಜು, ಸ್ನಾಯುರಜ್ಜು, ಮೃದ್ವಸ್ಥಿ, ಕೊಬ್ಬು ಎಲ್ಲವೂ ಮುಗಿಯಬೇಕು. ಮೃದ್ವಸ್ಥಿಯ ಪಾಲಿಗೆ ಐದು ನಿಮಿಷ ಬಂದರೆ ದೊಡ್ಡದು. ಕಪ್ಪುಹಲಗೆಯ ಮೇಲೆ ಒಂದು ಚಿತ್ರ, “ಕಿವಿ ಮುಟ್ಟಿ ನೋಡಿ, ಮಡಚುತ್ತದೆ ಅಲ್ಲವೇ?” ಎಂಬ ಒಂದು ಪ್ರಶ್ನೆ, ಆಮೇಲೆ ಮೂಳೆಗೂ ಮೃದ್ವಸ್ಥಿಗೂ ಇರುವ ವ್ಯತ್ಯಾಸಗಳ ಪಟ್ಟಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಪ್ರೌಢಶಾಲೆಗಳಲ್ಲಿ ನಾನು ವೀಕ್ಷಿಸಿದ ಪಾಠಗಳು ಬಹುಮಟ್ಟಿಗೆ ಹೀಗೇ ಸಾಗಿದವು. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಮಕ್ಕಳು ಬರೆದುಕೊಂಡರು, ಗಂಟೆ ಬಾರಿಸಿತು.

ಶಹಾಬಾದಿನ ಒಂದು ತರಗತಿಯಲ್ಲಿ ಮಾತ್ರ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಟೀಚರ್, ನಮ್ಮ ಕಾಕಾಂದು ಕಾಲಿನ ಎಲುಬು ಮುರದಿತ್ತು, ನಾಕ್ ತಿಂಗಳಿಗೆ ಕೂಡ್ತು. ನಮ್ಮವ್ವಂದು ಮೊಣಕಾಲು ಸವದು ಐದು ವರ್ಷಾತು. ಅದ್ಯಾಕ ಕೂಡವಲ್ದು?” ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಕಡೆ ನೋಡಿ, “ಅದು ಮುಂದಿನ ತರಗತಿಯಲ್ಲಿ ಬರುತ್ತದೆ” ಎಂದರು. ಮುಂದಿನ ತರಗತಿಯಲ್ಲಿ ಅದು ಬರುವುದಿಲ್ಲ. ಪಾಠದ ನಂತರದ ಚರ್ಚೆಯಲ್ಲಿ ನಾವು ಆ ದಿನದ ಪಾಠಯೋಜನೆಯನ್ನು ಬದಿಗಿಟ್ಟು ಹುಡುಗನ ಪ್ರಶ್ನೆಯನ್ನೇ ಕೈಗೆತ್ತಿಕೊಂಡೆವು. ಆ ಪ್ರಶ್ನೆಯ ಸುತ್ತ ಮತ್ತೆ ಕಟ್ಟಿದ ಪಾಠವನ್ನು, ಅದಕ್ಕೆ ಶಿಕ್ಷಕರಿಗೆ ಬೇಕಾದ ವಿಷಯಜ್ಞಾನದೊಡನೆ, ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ನಮ್ಮ ಭಾಗದಲ್ಲಿ ಬರೀ ಕುತೂಹಲದ್ದಲ್ಲ. ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುವವರು, ಚಪ್ಪಡಿಯ ಅಂಚು ಕೆತ್ತುವವರು ದಿನವಿಡೀ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಚಿತ್ತಾಪುರ, ಸೇಡಂ ಕಡೆ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳೂ ಹಾಗೆಯೇ. ಚಿಂಚೋಳಿಯ ತಾಂಡಾಗಳಿಂದ ಕಟ್ಟಡದ ಕೆಲಸಕ್ಕೆ ಊರು ಬಿಟ್ಟು ಹೋಗುವವರು ತಲೆಯ ಮೇಲೆ ಭಾರ ಹೊತ್ತು ಮೆಟ್ಟಿಲು ಹತ್ತುತ್ತಾರೆ. ದೀರ್ಘಕಾಲ ಮಂಡಿಯೂರಿ, ಕುಕ್ಕರಿಸಿ ಕೂತು, ಭಾರ ಎತ್ತುವ ಕೆಲಸ ಮಾಡುವವರಲ್ಲಿ ಮೊಣಕಾಲಿನ ಸವೆತ ಹೆಚ್ಚು ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ನಾವು ಪಾಠ ಮಾಡುವ ಕೋಣೆಯಲ್ಲಿ ಕೂತ ಎಷ್ಟೋ ಮಕ್ಕಳ ಮನೆಯಲ್ಲಿ ಮೆಟ್ಟಿಲನ್ನು ಅಡ್ಡ ಕಾಲಿಟ್ಟು ಇಳಿಯುವವರೊಬ್ಬರು ಇದ್ದೇ ಇರುತ್ತಾರೆ.

ಪಾಠದ ಪೀಠಿಕೆಗೆ ನಾವು ಆರಿಸಿದ್ದು ಫರಸಿಯನ್ನು. ಅದಕ್ಕೆ ಹಣ ಕೊಡಬೇಕಿಲ್ಲ, ಹುಡುಕಬೇಕಿಲ್ಲ. ಮಕ್ಕಳು ಕೂತಿರುವುದೇ ಅದರ ಮೇಲೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಪುರಾತನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದರಿಂದಲೇ ಅದು ಚಪ್ಪಡಿಯಾಗಿ ಏಳುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಸುಡುವುದೂ ಈ ಭಾಗದ ಸುಣ್ಣದ ಕಲ್ಲನ್ನೇ. ಅದರ ಒಂದು ಚೂರಿನ ಮೇಲೆ ವಿನೆಗರ್ ಅಥವಾ ನಿಂಬೆರಸ ಹನಿಸಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಪಕ್ಕದಲ್ಲಿ ಒಂದು ವಾರ ಮೊದಲೇ ವಿನೆಗರ್‌ನಲ್ಲಿ ನೆನೆಸಿಟ್ಟ ಕೋಳಿಯ ಕಾಲಿನ ಎಲುಬು. ಅದು ರಬ್ಬರಿನಂತೆ ಬಾಗುತ್ತದೆ. ಆಮ್ಲವು ಎಲುಬಿನ ಕ್ಯಾಲ್ಸಿಯಂ ಫಾಸ್ಫೇಟ್ ಲವಣವನ್ನು ಕರಗಿಸಿದೆ, ಕೊಲಾಜನ್ ಎಂಬ ಪ್ರೋಟೀನಿನ ನಾರುಗಳು ಉಳಿದಿವೆ. ಕಲ್ಲಿನಲ್ಲೂ ಕ್ಯಾಲ್ಸಿಯಂ, ಎಲುಬಿನಲ್ಲೂ ಕ್ಯಾಲ್ಸಿಯಂ ಎಂಬುದು ಕಣ್ಣಿಗೆ ಬಿದ್ದ ಮೇಲೆ ಪ್ರಶ್ನೆ ಕೇಳಬೇಕು: ಒಡೆದ ಫರಸಿ ತಾನಾಗಿ ಕೂಡುತ್ತದೆಯೇ? ಮುರಿದ ಎಲುಬು ಯಾಕೆ ಕೂಡುತ್ತದೆ? “ಎಲುಬಿನಾಗ ಜೀವ ಅದರಿ” ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಅದನ್ನು ಹಾಗೆಯೇ ಹಲಗೆಯ ಮೇಲೆ ಬರೆಯಿರಿ. ಪಠ್ಯದ ಭಾಷೆಗೆ ತಿದ್ದಲು ಹೋಗಬೇಡಿ. ಮೂರನೆಯ ಪ್ರಶ್ನೆ ಆ ಉತ್ತರವನ್ನೇ ಅಲುಗಾಡಿಸುತ್ತದೆ: ಮೃದ್ವಸ್ಥಿಯಲ್ಲೂ ಜೀವವಿದೆ, ಅದು ಯಾಕೆ ಕೂಡುವುದಿಲ್ಲ?

ಎಲುಬನ್ನು ತರಗತಿಗೆ ತರುವ ಬಗ್ಗೆ ಒಂದು ಮಾತು. ಕೆಲವು ಶಾಲೆಗಳಲ್ಲಿ, ಕೆಲವು ಮಕ್ಕಳಿಗೆ, ಕೆಲವು ಶಿಕ್ಷಕರಿಗೂ ಇದು ಒಗ್ಗುವುದಿಲ್ಲ. ಮುಖ್ಯ ಶಿಕ್ಷಕರನ್ನು ಮೊದಲೇ ಕೇಳಿ; ಬೇಡವೆಂದರೆ ಚಿತ್ರದಲ್ಲಿ ತೋರಿಸಿ, ವಾದಕ್ಕೆ ಇಳಿಯಬೇಡಿ. ತರಲು ಸಾಧ್ಯವಾದಲ್ಲಿ ನೆನೆಸದ ಇನ್ನೊಂದು ಎಲುಬನ್ನೂ ತನ್ನಿ. ಅದರ ತುದಿಯಲ್ಲಿ ನೀಲಿಛಾಯೆಯ ಬಿಳಿ, ನುಣುಪಾದ ಟೊಪ್ಪಿಗೆಯಂಥ ಪದರವಿರುತ್ತದೆ. ಅದೇ ಕೀಲಿನ ಮೃದ್ವಸ್ಥಿ. ಕಿವಿ ಮಡಚಿ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು. ಕಿವಿಯದು ಬೇರೆ ಬಗೆಯ, ಹಿಗ್ಗುವ ನಾರುಗಳಿರುವ ಮೃದ್ವಸ್ಥಿ. ಅದರ ಮೇಲೊಂದು ಪೊರೆಯೂ ಇದೆ. ಮೊಣಕಾಲಿನ ಮೃದ್ವಸ್ಥಿಗೆ ಆ ಪೊರೆ ಇಲ್ಲ ಎಂಬುದು ಮುಂದೆ ಮುಖ್ಯವಾಗುತ್ತದೆ.

ಈಗ ಎಲುಬು ಕೂಡುವ ಬಗೆ. ಶಿಕ್ಷಕರು ಇಷ್ಟನ್ನಾದರೂ ತಿಳಿದಿರಬೇಕು ಎಂಬ ಕಾರಣಕ್ಕೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಎಲುಬು ಮುರಿದಾಗ ಅದರೊಳಗಿನ, ಅದರ ಹೊರಪೊರೆಯ ರಕ್ತನಾಳಗಳೂ ಹರಿಯುತ್ತವೆ. ಕೆಲವೇ ಗಂಟೆಗಳಲ್ಲಿ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಾವು ಬರುತ್ತದೆ, ನೋಯುತ್ತದೆ. ಈ ಬಾವನ್ನು ಮಕ್ಕಳು ಕೆಡುಕೆಂದೇ ತಿಳಿದಿರುತ್ತಾರೆ. ದುರಸ್ತಿ ಶುರುವಾಗುವುದೇ ಇಲ್ಲಿಂದ. ಹೆಪ್ಪಿನೊಳಗಿನಿಂದ ಹೊರಡುವ ರಾಸಾಯನಿಕ ಸೂಚನೆಗಳಿಗೆ ಬಿಳಿ ರಕ್ತಕಣಗಳು ಬಂದು ಸತ್ತ ಚೂರುಗಳನ್ನು ತೆಗೆಯುತ್ತವೆ. ಮಜ್ಜೆಯಿಂದಲೂ ಹೊರಪೊರೆಯಿಂದಲೂ ಆಕರ ಕೋಶಗಳು ಬಂದು ಸೇರುತ್ತವೆ. ಎರಡು ಮೂರು ವಾರದ ಹೊತ್ತಿಗೆ ಮುರಿದ ತುದಿಗಳ ಸುತ್ತ ಮೆತ್ತನೆಯ ಗಂಟೊಂದು ಏಳುತ್ತದೆ. ಆಮೇಲೆ ಆ ಗಂಟಿನೊಳಗೆ ರಕ್ತನಾಳಗಳು ನುಗ್ಗಿ, ಲವಣ ತುಂಬಿ, ಅದು ಗಟ್ಟಿ ಗಂಟಾಗುತ್ತದೆ. ಇದು ಸಾಮಾನ್ಯವಾಗಿ 6ರಿಂದ 12 ವಾರಗಳ ಕೆಲಸ. ಮಕ್ಕಳ ಮುಂಗೈ ಎಲುಬು ಬೇಗ, ವಯಸ್ಕರ ಮೊಣಕಾಲ ಕೆಳಗಿನ ದಪ್ಪ ಎಲುಬು ತಡವಾಗಿ. ಕೊನೆಯದು ತಿದ್ದುವ ಹಂತ. ಎಲುಬು ಕರಗಿಸುವ ಕೋಶಗಳು ಹೆಚ್ಚಿನದನ್ನು ತೆಗೆಯುತ್ತವೆ, ಎಲುಬು ಕಟ್ಟುವ ಕೋಶಗಳು ಭಾರ ಬೀಳುವ ಕಡೆ ಕಟ್ಟುತ್ತವೆ. ಇದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತದೆ. ಚರ್ಮಕ್ಕೆ ಆಳವಾದ ಗಾಯವಾದರೆ ಕಲೆ ಉಳಿಯುತ್ತದೆ. ಎಲುಬು ಕೂಡಿದಾಗ ಅಲ್ಲಿ ಇರುವುದು ಎಲುಬೇ, ಕಲೆಯಲ್ಲ.

ಆ ಮೆತ್ತನೆಯ ಗಂಟು ಯಾವುದರಿಂದ ಆದದ್ದು? ಬಹುಪಾಲು ಮೃದ್ವಸ್ಥಿಯಿಂದ. ಪ್ರಶಿಕ್ಷಣಾರ್ಥಿಗಳೊಡನೆ ಚರ್ಚಿಸುವಾಗ ನಾನು ಇಲ್ಲಿ ಬೇಕೆಂದೇ ನಿಲ್ಲುತ್ತೇನೆ. ಎಲುಬು ತನ್ನನ್ನು ಕೂಡಿಸಿಕೊಳ್ಳಲು ತಾತ್ಕಾಲಿಕವಾಗಿ ಮೃದ್ವಸ್ಥಿಯನ್ನು ಕಟ್ಟಿಕೊಳ್ಳುತ್ತದೆ, ಮನೆ ಕಟ್ಟುವಾಗ ಸ್ಲ್ಯಾಬಿಗೆ ಸೆಂಟ್ರಿಂಗ್ ಕೊಟ್ಟ ಹಾಗೆ. ಅಂದರೆ ನಮ್ಮ ದೇಹಕ್ಕೆ ದೊಡ್ಡವರಾದ ಮೇಲೂ ಮೃದ್ವಸ್ಥಿ ಮಾಡುವುದು ಬರುತ್ತದೆ. ಆದರೂ ಮೊಣಕಾಲಿನ ಕೀಲಿನ ಮೇಲೆ ಹರಿದ ಮೃದ್ವಸ್ಥಿಯನ್ನು ಅದು ಸರಿಮಾಡುವುದಿಲ್ಲ. ಹುಡುಗನ ಪ್ರಶ್ನೆ ಇಲ್ಲಿ ಇನ್ನೂ ಹರಿತವಾಗುತ್ತದೆ.

ಮೊಣಕಾಲಿನ ಮೃದ್ವಸ್ಥಿ ತೆಳುವಾದ ಪದರ, ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್. ಮೊಣಕಾಲ ಚಿಪ್ಪಿನ ಹಿಂಭಾಗದಲ್ಲಿ ಇನ್ನೂ ದಪ್ಪ. ಅದರ ತೂಕದ ಮುಕ್ಕಾಲು ಭಾಗದಷ್ಟು ನೀರೇ. ಕೊಲಾಜನ್ ನಾರುಗಳ ಬಲೆಯೊಳಗೆ ನೀರನ್ನು ಹಿಡಿದಿಡುವ ದೊಡ್ಡ ಸಕ್ಕರೆ-ಪ್ರೋಟೀನ್ ಅಣುಗಳಿವೆ. ಜೀವಕೋಶಗಳು ಬಹಳ ಕಡಿಮೆ, ಗಾತ್ರದಲ್ಲಿ ನೂರಕ್ಕೆ ಕೆಲವೇ ಪಾಲು. ಒಂದೊಂದೂ ತನ್ನ ಪುಟ್ಟ ಗೂಡಿನಲ್ಲಿ ಮಾತೃಕೆಯಿಂದ ಸುತ್ತುವರಿದು ಕೂತಿರುತ್ತದೆ. ರಕ್ತನಾಳವಿಲ್ಲ, ನರವಿಲ್ಲ. ಅಲ್ಲಿ ಗೀರು ಬಿದ್ದರೆ ರಕ್ತ ಬರುವುದಿಲ್ಲ, ಹೆಪ್ಪುಗಟ್ಟುವುದಿಲ್ಲ, ಸೂಚನೆ ಹೋಗುವುದಿಲ್ಲ, ಯಾರೂ ಬರುವುದಿಲ್ಲ. ಪಕ್ಕದಲ್ಲೇ ಇರುವ ಕೋಶವೂ ಗೂಡು ಬಿಟ್ಟು ಗಾಯದ ಕಡೆ ನಡೆಯಲಾರದು. ಸುತ್ತ ಪೊರೆಯಿಲ್ಲದ್ದರಿಂದ ಅಲ್ಲಿಂದಲೂ ಹೊಸ ಕೋಶಗಳಿಲ್ಲ. ಸವೆದ ಮೃದ್ವಸ್ಥಿ ಮರಳಿ ಬರುವುದಿಲ್ಲ ಎಂದು ವಿಲಿಯಂ ಹಂಟರ್ ಎಂಬ ಅಂಗರಚನಾ ತಜ್ಞರು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1743ರಲ್ಲೇ ಬರೆದಿದ್ದರು. ಕಾರಣ ತಿಳಿಯಲು ಸೂಕ್ಷ್ಮದರ್ಶಕವೂ ಕೋಶ ಸಿದ್ಧಾಂತವೂ ಬೇಕಾದವು.

“ರಕ್ತ ಇಲ್ಲ, ಅದಕ್ಕೇ ಕೂಡುವುದಿಲ್ಲ” ಎಂದು ಒಂದೇ ವಾಕ್ಯದಲ್ಲಿ ಮುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಪರೀಕ್ಷೆಯ ಉತ್ತರಕ್ಕೆ ಅದು ಚೆನ್ನ. ಆದರೆ ಚುರುಕಾದ ಮಗುವೊಂದು ಕಣ್ಣಿನ ಬಗ್ಗೆ ಕೇಳಿದರೆ? ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದಲ್ಲೂ ರಕ್ತನಾಳವಿಲ್ಲ. ಆದರೂ ಧೂಳು ಬಿದ್ದು ಅದರ ಮೇಲ್ಪದರ ಗೀರಿದರೆ ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಅಲ್ಲಿನ ಮೇಲ್ಪದರದ ಕೋಶಗಳು ಒತ್ತೊತ್ತಾಗಿವೆ, ಚಲಿಸುತ್ತವೆ, ವಿಭಜನೆಯಾಗುತ್ತವೆ. ಹಾಗಾಗಿ ಮೃದ್ವಸ್ಥಿಯ ಮಟ್ಟಿಗೆ ಎರಡು ಕಾರಣಗಳನ್ನೂ ಜೊತೆಗೇ ಹೇಳಬೇಕು: ರಕ್ತ ಬರುವುದಿಲ್ಲ, ಇರುವ ಕೋಶ ಕದಲುವುದಿಲ್ಲ.

ಗಾಯ ಆಳವಾಗಿ ಮೃದ್ವಸ್ಥಿಯನ್ನು ದಾಟಿ ಕೆಳಗಿನ ಎಲುಬನ್ನೇ ಮುಟ್ಟಿದರೆ ಕಥೆ ಬದಲಾಗುತ್ತದೆ. ಎಲುಬಿನಿಂದ ರಕ್ತ ಒಸರುತ್ತದೆ, ಮಜ್ಜೆಯ ಕೋಶಗಳು ಬರುತ್ತವೆ, ತೂತು ತುಂಬುತ್ತದೆ. ಆದರೆ ತುಂಬಿಕೊಂಡದ್ದು ಮೊದಲಿನ ನುಣುಪು ಮೃದ್ವಸ್ಥಿಯಲ್ಲ, ನಾರು ಹೆಚ್ಚಿರುವ, ಬೇಗ ಸವೆಯುವ ಬೇರೊಂದು ಬಗೆ. ಗಾರೆ ನೆಲದ ಹೊಂಡಕ್ಕೆ ಹಾಕಿದ ತೇಪೆಯೆಂದರೆ ಮಕ್ಕಳಿಗೆ ತಿಳಿಯುತ್ತದೆ. ಶಸ್ತ್ರವೈದ್ಯರು ಇದನ್ನೇ ಬಳಸಿಕೊಂಡರು. ಮೃದ್ವಸ್ಥಿ ಕಿತ್ತುಹೋದ ಜಾಗದಲ್ಲಿ ಕೆಳಗಿನ ಎಲುಬಿಗೆ ಸಣ್ಣ ಸಣ್ಣ ತೂತು ಮಾಡಿ ರಕ್ತವನ್ನು ಮೇಲೆ ಬರಿಸುವ ವಿಧಾನವನ್ನು ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ರೂಢಿಗೆ ತಂದರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ವೈದ್ಯರು ರೋಗಿಯದೇ ಮೃದ್ವಸ್ಥಿಯ ಕೋಶಗಳನ್ನು ಹೊರಗೆ ಬೆಳೆಸಿ ಮತ್ತೆ ಮೊಣಕಾಲಿಗೆ ಸೇರಿಸಿದ ಪ್ರಯತ್ನದ ವರದಿಯನ್ನು 1994ರಲ್ಲಿ ಪ್ರಕಟಿಸಿದರು. ಒಂದು ವಿಧಾನ ರಕ್ತವನ್ನು ಕರೆತರುತ್ತದೆ, ಇನ್ನೊಂದು ಕೋಶವನ್ನೇ ಕರೆತರುತ್ತದೆ. ಮೇಲೆ ಹೇಳಿದ ಎರಡು ಕಾರಣಗಳಿಗೆ ಎರಡು ಉಪಾಯಗಳು! ಇವು ಮುಖ್ಯವಾಗಿ ಚಿಕ್ಕ ವಯಸ್ಸಿನವರ, ಒಂದೇ ಕಡೆ ಆದ ಪೆಟ್ಟಿಗೆ. ಇಡೀ ಕೀಲು ಸವೆದ ಮೊಣಕಾಲಿಗಲ್ಲ ಎಂಬುದನ್ನು ಹೇಳದೆ ಬಿಡಬಾರದು. ಹಾಗೆ ಬಿಟ್ಟರೆ ಮಗು ಮನೆಗೆ ಹೋಗಿ ಇಲ್ಲದ ಆಸೆ ಹುಟ್ಟಿಸುತ್ತದೆ.

ಇನ್ನು ‘ಗ್ರೀಸ್’. “ಮೊಣಕಾಲಿನ ಗ್ರೀಸ್ ಮುಗದಾದ” ಎಂಬ ಮಾತು ನಮ್ಮಲ್ಲಿ ಮನೆಮಾತು. ರೈಲು, ಕಾರ್ಖಾನೆಗಳ ನಡುವೆ ಬೆಳೆದ ವಾಡಿಯ ಮಕ್ಕಳು ಇದನ್ನು ಬಹಳ ಸಹಜವಾಗಿ ಹೇಳುತ್ತಾರೆ. ಪೂರ್ವಜ್ಞಾನವೆಂದು ನಾವು ಯೋಜನೆಯಲ್ಲಿ ಬರೆಯುವುದು ಸಾಮಾನ್ಯವಾಗಿ ಹಿಂದಿನ ತರಗತಿಯ ಪಾಠವನ್ನು. ನಿಜವಾದ ಪೂರ್ವಜ್ಞಾನ ಇಂಥ ಮಾತಿನಲ್ಲಿದೆ. ಇದರಲ್ಲಿ ಅರ್ಧ ಸತ್ಯವಿದೆ: ಕೀಲಿನಲ್ಲಿ ಜಾರುವ ದ್ರವವಿದೆ. ಉಳಿದರ್ಧ ದಾರಿ ತಪ್ಪಿಸುತ್ತದೆ. ಗ್ರೀಸ್ ಆದರೆ ಮತ್ತೆ ತುಂಬಿಸಬಹುದು. ಯಂತ್ರ ಓಡಿಸದಿದ್ದರೆ ಉಳಿತಾಯವಾಗುತ್ತದೆ. ಮೊಣಕಾಲು ಎರಡಕ್ಕೂ ಉಲ್ಟಾ. ಸವೆಯುವುದು ಬರೀ ದ್ರವವಲ್ಲ, ಮೃದ್ವಸ್ಥಿ. ರಕ್ತನಾಳವಿಲ್ಲದ ಮೃದ್ವಸ್ಥಿಗೆ ಊಟ ಸಿಗುವುದು ಕೀಲಿನ ದ್ರವದಿಂದ, ಅದೂ ನಡೆದಾಡುವಾಗ ಒತ್ತಿ ಬಿಡುವುದರಿಂದ ಹೆಚ್ಚು ಚೆನ್ನಾಗಿ.

ಇದಕ್ಕೆ ಸ್ಪಂಜಿನ ಚಟುವಟಿಕೆ ಸಾಕು. ಬಟ್ಟಲಿನಲ್ಲಿ ಬಣ್ಣದ ನೀರು, ಅದರಲ್ಲಿ ಒಂದು ಸ್ಪಂಜು. ಒತ್ತಿದರೆ ನೀರು ಹೊರಗೆ, ಬಿಟ್ಟರೆ ಒಳಗೆ. ಒತ್ತಿಯೇ ಹಿಡಿದರೆ? ಒಳಗೆ ಏನೂ ಹೋಗುವುದಿಲ್ಲ. ಒತ್ತದೇ ಬಿಟ್ಟರೆ? ನೀರು ಬದಲಾಗುವುದೇ ಇಲ್ಲ. ತಾಸುಗಟ್ಟಲೆ ಕುಕ್ಕರಿಸಿ ಕೂರುವುದು ಒತ್ತಿ ಹಿಡಿದ ಹಾಗೆ, ಮಂಚ ಬಿಟ್ಟು ಏಳದಿರುವುದು ಒತ್ತದೇ ಬಿಟ್ಟ ಹಾಗೆ ಎಂದು ಮಕ್ಕಳೇ ಹೇಳುವವರೆಗೆ ಕಾಯಿರಿ. ಹೋಲಿಕೆಯ ಮಿತಿಯನ್ನೂ ಹೇಳಿಬಿಡಿ: ಸ್ಪಂಜಿನಲ್ಲಿ ತೂತುಗಳಿವೆ, ನೀರು ಸುರಿಯುತ್ತದೆ, ಮೃದ್ವಸ್ಥಿಯಲ್ಲಿ ಅದು ಅಣುಗಳ ನಡುವಿನ ಸಂದಿಯಲ್ಲಿ ಬಹಳ ನಿಧಾನವಾಗಿ ಸಾಗುತ್ತದೆ.

ನರವಿಲ್ಲ ಎಂಬ ಮಾತಿನ ಬಗ್ಗೆಯೂ ಪ್ರಶ್ನೆ ಬರುತ್ತದೆ: “ನರ ಇಲ್ಲಂದ್ರ ನೋವು ಎಲ್ಲಿಂದ?” ನೋವು ಬರುವುದು ಕೆಳಗಿನ ಎಲುಬಿನಿಂದ, ಕೀಲಿನ ಒಳಪೊರೆಯಿಂದ, ಸುತ್ತಲಿನ ಅಂಗಾಂಶಗಳಿಂದ. ಮೃದ್ವಸ್ಥಿ ಸವೆಯಲು ಶುರುವಾದದ್ದು ತಿಳಿಯುವುದೇ ಇಲ್ಲ. ನೋವು ಕಾಣಿಸುವ ಹೊತ್ತಿಗೆ ಎಷ್ಟೋ ಆಗಿಹೋಗಿರುತ್ತದೆ.

ಒಂಬತ್ತನೆಯ ತರಗತಿಗೆ ಈ ಪಾಠ ಯಾಕೆ ಹೇಳಿ ಮಾಡಿಸಿದಂತಿದೆ ಎಂಬುದಕ್ಕೆ ಇನ್ನೊಂದು ಸಂಗತಿ. 1950-60ರ ದಶಕಗಳಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಏರಿತ್ತು, ಆಮೇಲೆ ಇಳಿಯಿತು. ಆ ಏರಿಳಿತ ಆಗ ಬದುಕಿದ್ದವರ ದೇಹದಲ್ಲೂ ದಾಖಲಾಗಿದೆ. ಡೆನ್ಮಾರ್ಕಿನ ಸಂಶೋಧಕರು ಇದನ್ನು ಬಳಸಿ ಮೊಣಕಾಲ ಮೃದ್ವಸ್ಥಿಯ ಕೊಲಾಜನ್‌ಗೆ ಎಷ್ಟು ವಯಸ್ಸು ಎಂದು ಅಳೆದರು. 2016ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ ಆ ಕೊಲಾಜನ್ ರೂಪುಗೊಳ್ಳುವುದು ಬೆಳೆಯುವ ವಯಸ್ಸಿನಲ್ಲಿ. ದೊಡ್ಡವರಾದ ಮೇಲೆ ಅದು ಬದಲಾಗುವುದು ನಗಣ್ಯ, ಕೀಲು ಸವೆದವರಲ್ಲೂ ಅಷ್ಟೇ. ಎಲುಬು ಹಾಗಲ್ಲ, ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಹೊಸದಾಗುತ್ತದೆ. ಅಂದರೆ ನಮ್ಮ ಮುಂದೆ ಕೂತ 14-15 ವರ್ಷದ ಮಕ್ಕಳ ಮೊಣಕಾಲಿನಲ್ಲಿ ಈಗ ಇರುವ ನಾರಿನ ಬಲೆಯೇ ಅರವತ್ತರಲ್ಲೂ ಇರುತ್ತದೆ. ಈ ಮಾತು ಹೇಳಿದಾಗ ಸೇಡಂನ ತರಗತಿಯಲ್ಲಿ ಹಲವು ಕೈಗಳು ತಾವಾಗಿಯೇ ಮೊಣಕಾಲಿನ ಮೇಲೆ ಹೋದವು.

ನಾಟಿ ಪದ್ಧತಿಯಲ್ಲಿ ಎಲುಬು ಕಟ್ಟುವವರ ಬಗ್ಗೆ ಮಕ್ಕಳು ಕೇಳಿಯೇ ಕೇಳುತ್ತಾರೆ. ಹಂಗಿಸುವ ಉತ್ತರ ಬೇಡ. ಮುರಿದ ತುದಿಗಳು ಎದುರುಬದುರಾಗಿ ಅಲುಗಾಡದೆ ಇದ್ದರೆ ಎಲುಬು ತಾನೇ ಕೂಡುತ್ತದೆ; ಬಿದಿರಿನ ಪಟ್ಟಿಯಾಗಲಿ, ಪ್ಲಾಸ್ಟರ್ ಆಗಲಿ ಮಾಡುವುದು ಹಿಡಿದಿಡುವ ಕೆಲಸವನ್ನು. ಆದರೆ ಎಕ್ಸ್-ರೇ ಇಲ್ಲದೆ ತುದಿಗಳು ಹೇಗಿವೆ ಎಂದು ತಿಳಿಯುವುದಿಲ್ಲ, ಬಿಗಿ ಹೆಚ್ಚಾದರೆ ರಕ್ತ ನಿಂತು ಕೈಯೋ ಕಾಲೋ ಹೋಗಬಹುದು. ಸವೆದ ಮೊಣಕಾಲಿಗಂತೂ ಕಟ್ಟಿ ಕೂಡಿಸುವ ಪ್ರಶ್ನೆಯೇ ಇಲ್ಲ. ಬೀಡಿ, ಸಿಗರೇಟು ಎಲುಬು ಕೂಡುವುದನ್ನು ನಿಧಾನ ಮಾಡುತ್ತವೆ ಎಂಬುದನ್ನು ಇಲ್ಲಿಯೇ ಸೇರಿಸಬಹುದು. ಆರೋಗ್ಯ ಶಿಕ್ಷಣವೆಂದು ಬೇರೆ ತಲೆಬರಹ ಬೇಕಿಲ್ಲ.

ಕಷ್ಟದ ಭಾಗ ಹುಡುಗನಿಗೆ ಕೊಡಬೇಕಾದ ಉತ್ತರ. ನಿನ್ನ ತಾಯಿಯ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ ಎಂದು ತರಗತಿಯ ಮುಂದೆ ಹೇಳುವುದು ಹೇಗೆ? ನಮ್ಮ ಚರ್ಚೆಯಲ್ಲಿ ಕೆಲವರು ಅದನ್ನು ಹೇಳಲೇಬಾರದು ಎಂದರು. ನಾನು ಒಪ್ಪಲಿಲ್ಲ. ಹುಡುಗನಿಗೆ ಅದು ಕೂಡುತ್ತಿಲ್ಲ ಎಂಬುದು ಆಗಲೇ ಗೊತ್ತಿದೆ. ಅವನು ಕೇಳಿದ್ದು ಕಾರಣವನ್ನು. ಮುಚ್ಚಿಟ್ಟರೆ ಆ ಜಾಗಕ್ಕೆ ಟಿ.ವಿ. ಜಾಹೀರಾತಿನ ಎಣ್ಣೆ ಬಂದು ಕೂರುತ್ತದೆ. ಆದರೆ ಮೃದ್ವಸ್ಥಿ ಮರಳುವುದಿಲ್ಲ ಎಂಬಲ್ಲಿಗೇ ವಾಕ್ಯ ನಿಲ್ಲಬಾರದು. ಮೃದ್ವಸ್ಥಿ ಮರಳದಿದ್ದರೂ ನೋವು ಕಡಿಮೆಯಾಗಬಲ್ಲದು. ತೊಡೆಯ ಸ್ನಾಯು ಗಟ್ಟಿಯಾದರೆ ಕೀಲಿಗೆ ಆಸರೆ ಸಿಗುತ್ತದೆ. ತೂಕ ಹೆಚ್ಚಿದ್ದವರು ಒಂದು ಕೆ.ಜಿ. ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕೆ.ಜಿ.ಯಷ್ಟು ಇಳಿಯುತ್ತದೆ. ಕುಕ್ಕರಿಸುವ ಬದಲು ಗಿಡ್ಡ ಸ್ಟೂಲು, ಕಳೆ ತೆಗೆಯಲು ಉದ್ದ ಹಿಡಿಕೆಯ ಸಲಕರಣೆ ಇವೆಲ್ಲ ಸಾಧ್ಯವಿರುವ ಮಾತು. ತೀರಾ ಸವೆದಾಗ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯೂ ಇದೆ. ಯಾರಿಗೆ ಯಾವುದು ಎಂದು ವೈದ್ಯರೇ ಹೇಳಬೇಕು, ಬಿ.ಎಡ್. ವಿದ್ಯಾರ್ಥಿಯಲ್ಲ. ಕೂಲಿಯ ಕೆಲಸ ಬಿಡಿ ಎಂಬ ಸಲಹೆ ಯಾರ ಬಾಯಿಂದಲೂ ಬರಬಾರದು. ಆ ಮನೆಯ ಅನ್ನ ಅದರಿಂದ ಬರುತ್ತದೆ.

ಮೌಲ್ಯಮಾಪನಕ್ಕೆ ನಾವು ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆಯನ್ನು ಕೈಬಿಟ್ಟೆವು. ಬದಲಿಗೆ ಕೊಟ್ಟದ್ದು ಇದು: ಬೈಕಿನಿಂದ ಬಿದ್ದ ಯುವಕನೊಬ್ಬನ ಮೊಣಕಾಲ ಕೆಳಗಿನ ಎಲುಬು ಬಿರುಕು ಬಿಟ್ಟಿದೆ, ಬಿರುಕು ಕೀಲಿನ ಮೇಲ್ಮೈವರೆಗೂ ಹೋಗಿದೆ, ಆರು ತಿಂಗಳ ನಂತರ ಏನು ಕೂಡಿರುತ್ತದೆ, ಏನು ಮೊದಲಿನಂತೆ ಆಗಿರುವುದಿಲ್ಲ? ಎಲುಬು ಎಲುಬಾಗಿಯೇ ಕೂಡುತ್ತದೆ, ಮೇಲಿನ ಮೃದ್ವಸ್ಥಿಯ ಬಿರುಕಿನಲ್ಲಿ ನಾರಿನ ತೇಪೆ ಉಳಿಯುತ್ತದೆ, ಮೇಲ್ಮೈ ಸಮವಾಗಿ ಕೂಡದಿದ್ದರೆ ಮುಂದೆ ಅಲ್ಲಿಯೇ ಸವೆತ ಶುರುವಾಗುತ್ತದೆ. ಚಿತ್ತಾಪುರದಲ್ಲಿ ಒಬ್ಬ ಹುಡುಗಿ ಪದಗಳ ಬದಲು ಚಿತ್ರ ಬರೆದಳು: ಎಲುಬಿನ ಬಿರುಕಿಗೆ ಕೆಂಪು ಬಣ್ಣ, ಮೃದ್ವಸ್ಥಿಯ ಬಿರುಕಿಗೆ ಕೆಳಗಿನಿಂದ ಅರ್ಧದವರೆಗೆ ಮಾತ್ರ ಕೆಂಪು. ಪೂರ್ಣ ಅಂಕ ಕೊಡಬೇಕೆಂದು ನಾನೇ ಪ್ರಶಿಕ್ಷಣಾರ್ಥಿಗೆ ಹೇಳಿದೆ.

ಇಷ್ಟಕ್ಕೆ ಒಂದು ಅವಧಿ ಸಾಲದು, ಎರಡು ಬೇಕು. ಕಲ್ಲು ಮತ್ತು ಎಲುಬು ಮೊದಲನೆಯದಕ್ಕೆ, ಮೃದ್ವಸ್ಥಿ ಮತ್ತು ಸ್ಪಂಜು ಎರಡನೆಯದಕ್ಕೆ. ಕೊಬ್ಬಿನ ಅಂಗಾಂಶವನ್ನು ಮನೆಗೆಲಸಕ್ಕೆ ಬಿಟ್ಟರೆ ನಷ್ಟವಿಲ್ಲ. ಎಲುಬನ್ನು ಪ್ರತಿ ಸಲ ಹೊಸದಾಗಿ ನೆನೆಸಬೇಕು, ನಡುವೆ ಒಮ್ಮೆ ವಿನೆಗರ್ ಬದಲಿಸಬೇಕು. ತೆಗೆದು ಒಣಗಲು ಬಿಟ್ಟರೆ ಬಿರುಸಾಗಿ ಬಾಗುವುದಿಲ್ಲ, ತರಗತಿಗೆ ಹೋಗುವವರೆಗೂ ಡಬ್ಬಿಯಲ್ಲೇ ಇರಲಿ.